ಗುಬ್ಬಿಯ ಶೆಡ್ಡಿನಲ್ಲಿದ್ದ ಕಾರು

ತುಮಕೂರಿನಲ್ಲಿ ಡೀಸೆಲ್ ಪಂಪು ಬಿಚ್ಚಿ ಕಟ್ಟುವವರು ಆಗ ಇದ್ದದ್ದೇ ನಾಲ್ಕೈದು ಜನ. ಅವರಲ್ಲಿ ರೇವಣಸಿದ್ದಯ್ಯನದು ನಂಬಿಗಸ್ತ ಕೈ ಎಂದು ಹೆಸರಾಗಿತ್ತು. ಎಂಬತ್ತೆರಡರ ಬೇಸಗೆಯಲ್ಲಿ ಕುಣಿಗಲ್ಲಿನ ನಿವೃತ್ತ ಹೆಡ್‌ಮಾಸ್ಟರು ವೆಂಕಟರಂಗಯ್ಯನವರು, ಮಾವನಿಂದ ಬಂದ ಹಳೆಯ ಜರ್ಮನ್ ಡೀಸೆಲ್ ಕಾರನ್ನು ಲಾರಿಗೆ ಹಗ್ಗ ಬಿಗಿದು ಎಳೆಸಿಕೊಂಡು ಅವನ ಗ್ಯಾರೇಜಿಗೆ ತಂದರು. ಐವತ್ನಾಲ್ಕನೇ ಇಸವಿಯ ಗಾಡಿ. ಮಗಳ ಮದುವೆಗೆ ಹೆಣ್ಣನ್ನು ಅದರಲ್ಲೇ ಛತ್ರಕ್ಕೆ ಕರೆದೊಯ್ಯಬೇಕೆಂಬುದು ಅವರ ಆಸೆ.

ಪಂಪಿನೊಳಗೆ ಡೀಸೆಲ್ ಎಣ್ಣೆ ಒತ್ತುವ ನಾಲ್ಕು ಕಡ್ಡಿಗಳೂ ಸವೆದಿದ್ದವು. ಒಂದೊಂದು ಕಡ್ಡಿಯನ್ನೂ ಅದರದೇ ಕೊಳವೆಯ ಜೊತೆ ಅರೆದು ಕೂಡಿಸಿರುತ್ತಾರೆ. ಒಂದರದು ಇನ್ನೊಂದಕ್ಕೆ ಆಗುವುದಿಲ್ಲ. ರೇವಣಸಿದ್ದಯ್ಯ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಎರಡು ದಿನ ತಿರುಗಿದ. ಟ್ರ್ಯಾಕ್ಟರಿನದು ತಂದು ಹಾಕಿದರೆ ಎಂಜಿನ್ನು ಕಪ್ಪು ಹೊಗೆ ಕಾರಿ ಕೆಮ್ಮಿತು. ಪಂಪ್‌ಸೆಟ್ಟಿನದು ಕೂರಲೇ ಇಲ್ಲ. ತಿಂಗಳು ಕಳೆಯಿತು. ಹೊಂದುವ ಸಾಮಾನು ಎಲ್ಲಿದೆಯೆಂದು ಅವನಿಗೆ ಮೊದಲ ದಿನದಿಂದಲೂ ಗೊತ್ತಿತ್ತು. ಬಾಯಿ ಬಿಟ್ಟಿರಲಿಲ್ಲ, ಅಷ್ಟೆ.

ಅಂಥ ಕಾರು ಜಿಲ್ಲೆಯಲ್ಲಿ ಇನ್ನೊಂದಿತ್ತು, ಗುಬ್ಬಿಯ ಎಣ್ಣೆಮಿಲ್ಲಿನ ಸಾಹುಕಾರರದು. ರೇವಣಸಿದ್ದಯ್ಯನ ಅಣ್ಣ ಮಹಾಲಿಂಗಯ್ಯ ಅದರ ಡ್ರೈವರಾಗಿದ್ದ. ಎಪ್ಪತ್ನಾಲ್ಕರಲ್ಲಿ ಒಂದು ಮಧ್ಯಾಹ್ನ ಮಲ್ಲಸಂದ್ರದ ಬಳಿಯ ತಿರುವಿನಲ್ಲಿ ಕಾರು ಮರಕ್ಕೆ ಹೊಡೆದು ಅಣ್ಣ ಅಲ್ಲೇ ತೀರಿಕೊಂಡ. ಕುಡಿದು ಓಡಿಸಿದ ಎಂದು ಊರು ಮಾತಾಡಿತು. ರೇವಣಸಿದ್ದಯ್ಯನೂ ನಂಬಿದ. ಹನ್ನೊಂದನೆಯ ದಿನದ ಕಾರ್ಯ ಮುಗಿಸಿ ಬಂದವನು ಎಂಟು ವರ್ಷ ಅತ್ತಿಗೆಯ ಹೊಸಿಲು ತುಳಿಯಲಿಲ್ಲ.

ವೆಂಕಟರಂಗಯ್ಯನವರು ಮೂರನೇ ಸಲ ಬಂದು ಬೆಂಚಿನ ಮೇಲೆ ಕೂತು, ಮದುವೆ ಹತ್ತಿರ ಬಂತೆಂದ ದಿನ ಅವನು ಗುಬ್ಬಿಯ ಬಸ್ಸು ಹತ್ತಿದ.

ಮಿಲ್ಲಿನ ಹಿಂದಿನ ಶೆಡ್ಡಿನಲ್ಲಿ, ಹಿಂಡಿಮೂಟೆಗಳ ಸಂದಿಯಲ್ಲಿ ಕಾರಿತ್ತು. ಮೂತಿ ನುಜ್ಜುಗುಜ್ಜಾಗಿತ್ತು. ಬೇಕಾದ್ದು ಬಿಚ್ಚಿಕೋ ಎಂದು ಹೇಳಿ ಸಾಹುಕಾರರ ಮಗ ಹೊರಟುಹೋದ. ಅಳು ಬರುತ್ತದೇನೋ ಅಂದುಕೊಂಡಿದ್ದ ರೇವಣಸಿದ್ದಯ್ಯನಿಗೆ ಏನೂ ಬರಲಿಲ್ಲ. ಯಾರದೋ ಗಾಡಿ, ಯಾವುದೋ ಬೋಲ್ಟು. ಪಂಪಿನ ಹೊರಮೈ ಬಿರುಕು ಬಿಟ್ಟಿದ್ದರೂ ಒಳಗಿನ ನಾಲ್ಕೂ ಜೋಡಿ ನೆಟ್ಟಗಿದ್ದವು. ತೊಳೆದು ಓರೆಯಾಗಿ ಹಿಡಿದರೆ ಕಡ್ಡಿ ತನ್ನ ಭಾರಕ್ಕೇ ನಿಧಾನವಾಗಿ ಜಾರಿತು. ಸವೆದಿಲ್ಲ ಎನ್ನುವುದಕ್ಕೆ ಅದೇ ಗುರುತು.

ಆಮೇಲೆ ಅಭ್ಯಾಸಬಲದಿಂದ ಪಂಪಿನ ತುದಿಯ ಡಬ್ಬಿಯನ್ನೂ ತೆರೆದ. ಅದರೊಳಗೆ ತೊಗಲಿನ ಬಿಲ್ಲೆಯೊಂದಿರುತ್ತದೆ. ಎಂಜಿನ್ನಿಗೆ ಎಣ್ಣೆ ಮಿತಿಮೀರಿ ಹೋಗದಂತೆ ತಡೆಯುವುದು ಅದೇ. ಅದು ಅರ್ಧ ಸುತ್ತು ಹರಿದಿತ್ತು. ಶೆಡ್ಡಿನಲ್ಲಿ ಒಣಗಿ ಬಿರಿದದ್ದಲ್ಲ, ಹರಿದ ಅಂಚೆಲ್ಲ ಎಣ್ಣೆ ಕುಡಿದು ಕಪ್ಪಾಗಿತ್ತು. ಓಡುವಾಗಲೇ ಹರಿದದ್ದು. ಹಾಗೆ ಹರಿದರೆ ಆಕ್ಸಿಲರೇಟರಿನಿಂದ ಕಾಲು ತೆಗೆದರೂ ಎಂಜಿನ್ನು ಕೇಳುವುದಿಲ್ಲ, ಹುಚ್ಚೆದ್ದು ಓಡುತ್ತದೆ. ತಿರುವಿನಲ್ಲಿ ಬ್ರೇಕೂ ಸಾಲದು. ಇದನ್ನು ಅವನು ಕೆಲಸದಲ್ಲಿ ಮೂರು ಸಲ ಕಂಡಿದ್ದ.

ಮೂಟೆಯ ಮೇಲೆ ಕೂತ. ಮಿಲ್ಲಿನ ಊಟದ ಗಂಟೆ ಹೊಡೆಯಿತು, ಮತ್ತೆ ಕೆಲಸದ ಗಂಟೆಯೂ ಹೊಡೆಯಿತು.

ಹರಿದ ತೊಗಲನ್ನು ಜೇಬಿಗೆ ಹಾಕಿಕೊಂಡು ಗುಬ್ಬಿಯಲ್ಲೇ ಇದ್ದ ಅಣ್ಣನ ಮನೆಗೆ ನಡೆದ. ಅತ್ತಿಗೆ ತಿಪ್ಪಮ್ಮ ಜಗಲಿಯಲ್ಲಿ ಹುರುಳಿ ಕೇರುತ್ತಿದ್ದಳು. ಮೈದುನನನ್ನು ಕಂಡು ಎದ್ದು ನೀರು ತಂದಿಟ್ಟಳು. ಅವನು ತೊಗಲನ್ನು ಮುಂದಿಟ್ಟು, ಅದೇನು, ಹರಿದರೆ ಏನಾಗುತ್ತದೆ ಎಂದು ಗಿರಾಕಿಗೆ ವಿವರಿಸುವ ದನಿಯಲ್ಲೇ ಹೇಳಿದ.

"ಅಣ್ಣ ಕುಡ್ದಿರ್ಲಿಲ್ಲ, ಅತ್ತಿಗೆ."

"ನಂಗೊತ್ತಿತ್ತು," ಎಂದಳು. "ಅವತ್ತು ಮುದ್ದೆ ಉಂಡು ನನ್ ಕಣ್ಮುಂದೇನೇ ಹೋದ್ರು. ನೀನು ಒಂದ್ ಮಾತು ಕೇಳಿದ್ರೆ ಹೇಳ್ತಿದ್ದೆ."

"ತಪ್ಪಾಯ್ತು."

"ಬುಡು. ಉಂಡೋಗು."

ಅವನು ಉಂಡ. ಸಾರಿನಲ್ಲಿ ಉಪ್ಪಿತ್ತೋ ಇಲ್ಲವೋ ತಿಳಿಯಲಿಲ್ಲ. ತೊಗಲನ್ನು ಸಾಹುಕಾರರಿಗೆ ತೋರಿಸುತ್ತೇನೆಂದು ಎದ್ದಾಗ ತಿಪ್ಪಮ್ಮ ಅದನ್ನು ಕೇಳಿ ಇಟ್ಟುಕೊಂಡಳು. ಗಂಡನನ್ನು ಕುಡುಕ ಅಂದವರ ಮನೆಗಳೆಲ್ಲ ತನಗೆ ಗೊತ್ತು, ತಾನೇ ಹೋಗಿ ತೋರಿಸುತ್ತೇನೆಂದಳು.

ಕುಣಿಗಲ್ಲಿನ ಕಾರಿಗೆ ನಾಲ್ಕೂ ಜೋಡಿ ಸರಿಯಾಗಿ ಕೂತವು. ಅದಕ್ಕೊಂದು ಹೊಸ ತೊಗಲನ್ನೂ ಹಾಕಿದ. ಮದುವೆಗೆ ಎರಡು ದಿನ ಮುಂಚೆ ಎಂಜಿನ್ನು ಹದವಾಗಿ ಓಡತೊಡಗಿದಾಗ ವೆಂಕಟರಂಗಯ್ಯನವರು ಕಣ್ಣು ತುಂಬಿಕೊಂಡು, ಮದುವೆಗೆ ಬರಲೇಬೇಕೆಂದು ಅವನ ಕೈ ಹಿಡಿದರು. ಅವನು ಹೂಂ ಅಂದ. ಆದರೆ ಅಣ್ಣನ ಗಾಡಿಯ ಕಡ್ಡಿಗಳಿಂದ ಓಡುವ ಆ ಕಾರನ್ನು ಮತ್ತೆ ನೋಡಲು ಮನಸ್ಸಾಗದೆ ಹೋಗಲಿಲ್ಲ.

ಆ ವರ್ಷ ಮಹಾಲಯ ಅಮಾವಾಸ್ಯೆಗೆ ಹೆಂಡತಿ ಸರ್ವಮಂಗಳಳನ್ನು ಕರೆದುಕೊಂಡು ಗುಬ್ಬಿಗೆ ಹೋಗಿ ಅಣ್ಣನ ಫೋಟೋದ ಮುಂದೆ ಎಡೆ ಇಟ್ಟ. ಊರಲ್ಲಿ ಕೆಲವರು ನಂಬಿದರು, ಕೆಲವರು ನಂಬಲಿಲ್ಲ ಎಂದು ತಿಪ್ಪಮ್ಮ ಹೋಳಿಗೆ ಬಡಿಸುತ್ತಾ ಹೇಳಿದಳು. ಕೈ ತೊಳೆಯಲು ಹಿತ್ತಲಿಗೆ ಹೋದ ರೇವಣಸಿದ್ದಯ್ಯ, ಎಂಟು ವರ್ಷ ತಾನೂ ಆ ನಂಬದವರಲ್ಲೊಬ್ಬನಾಗಿದ್ದೆನೆಂದು ನೆನೆದು, ತೊಟ್ಟಿಯ ನೀರಿಗೆ ಹಾಕಿದ ಕೈ ತೆಗೆಯುವುದನ್ನೇ ಮರೆತ. ಕೊನೆಗೆ ಹೆಂಡತಿಯೇ ಬಂದು ಕರೆದಳು.