ಹತ್ತು ನಿಮಿಷ ನಿಂತದ್ದು

ಅನುಪಮಾ, ಮಂಡಕಳ್ಳಿ ಕಡೆಗೆ ಹೋಗುವ ಸಿಟಿ ಬಸ್ಸಿನಲ್ಲಿ ಒಂಬತ್ತು ವರ್ಷ ಕಂಡಕ್ಟರಾಗಿದ್ದವಳು. ಬಸ್ಸು ಎಷ್ಟೇ ಜೋರಾಗಿ ತಿರುಗಿದರೂ ಕಂಬಿ ಹಿಡಿಯದೆ ಟಿಕೆಟ್ ಕೊಡುತ್ತಿದ್ದಳು.

ಎರಡು ವರ್ಷದ ಹಿಂದೆ ಕೋವಿಡ್ ಬಂತು. ಐದು ದಿನದಲ್ಲಿ ಜ್ವರ ಬಿಟ್ಟಿತು, ಆದರೆ ಅವಳು ಮೊದಲಿನಂತಾಗಲಿಲ್ಲ. ನಿಂತರೆ ಎದೆ ಹೊಡೆದುಕೊಳ್ಳುತ್ತಿತ್ತು, ಕಣ್ಣು ಮಂಜಾಗುತ್ತಿತ್ತು. ಆಡಬೇಕೆಂದುಕೊಂಡ ಮಾತು ಬಾಯಿಗೆ ಬರುವಷ್ಟರಲ್ಲಿ ಮರೆತುಹೋಗುತ್ತಿತ್ತು. ಒಂದು ದಿನ ಬಟ್ಟೆ ಒಗೆದರೆ ಮೂರು ದಿನ ಹಾಸಿಗೆ.

ಇಸಿಜಿ, ಎಕೋ, ಥೈರಾಯ್ಡ್, ಎಲ್ಲ ನಾರ್ಮಲ್. ಒಬ್ಬ ಡಾಕ್ಟರು ವಿಟಮಿನ್ ಬರೆದರು, ಇನ್ನೊಬ್ಬರು ನಿದ್ದೆ ಮಾತ್ರೆ. ಮೂರನೆಯವರು ಫೈಲನ್ನೇ ತೆರೆಯದೆ, "ಟೆನ್ಶನ್ ಕಣಮ್ಮ, ದಿನಾ ವಾಕಿಂಗ್ ಮಾಡಿ" ಎಂದರು. ಮಾಡಿದಳು. ನಾಲ್ಕನೇ ಬೆಳಿಗ್ಗೆ ಬನ್ನಿಮಂಟಪದ ಮೈದಾನದ ಬಳಿ ಕುಸಿದು ಕೂತಳು. ಆಟೋ ಓಡಿಸುವ ಗಂಡ ಪ್ರೇಮ್‌ಕುಮಾರ್ ಬಂದು ಕರೆದುಕೊಂಡು ಹೋದ.

"ರಿಪೋರ್ಟಲ್ಲಿ ಏನೂ ಇಲ್ವಲ್ಲ ಅನು. ನೀನೇ ಸ್ವಲ್ಪ ಮನಸ್ಸು ಗಟ್ಟಿ ಮಾಡ್ಕೋಬೇಕು" ಎಂದ ದಾರಿಯಲ್ಲಿ.

ಎಲ್ಲ ಮನಸ್ಸಿನದೇ ಇರಬಹುದೇನೋ ಎಂದು ಅವಳಿಗೂ ಅನ್ನಿಸತೊಡಗಿತ್ತು.

ಮತ್ತೆ ರಕ್ತ ಪರೀಕ್ಷೆಗೆ ಹೋದಾಗ ಲ್ಯಾಬಿನ ಅಭಿಲಾಷ್ ಅವಳ ಗುರುತು ಹಿಡಿದ. "ಅಕ್ಕ, ಸರಸ್ವತಿಪುರಂನಲ್ಲಿ ಡಾಕ್ಟರ್ ಮಾಲವಿಕಾ ಅಂತ ಇದ್ದಾರೆ. ಅವರಿಗೇ ಕೋವಿಡ್ ಆದ್ಮೇಲೆ ವರ್ಷಗಟ್ಟಲೆ ಹಿಂಗೇ ಆಗಿತ್ತು. ಒಂದ್ಸಲ ತೋರಿಸ್ಬುಡಿ" ಎಂದ.

ಡಾಕ್ಟರ್ ಮಾಲವಿಕಾ ಮುಕ್ಕಾಲು ಗಂಟೆ ಕೇಳಿಸಿಕೊಂಡರು. ನಡುವೆ ಅನುಪಮಾಳ ಮಾತು ತಪ್ಪಿದಾಗ ಅವಸರಪಡಿಸದೆ ಕಾದರು. ಆಮೇಲೆ ಅವಳನ್ನು ಹತ್ತು ನಿಮಿಷ ಮಲಗಿಸಿ, ಬೆರಳಿಗೆ ನಾಡಿ ನೋಡುವ ಕ್ಲಿಪ್ ಹಾಕಿದರು. ಜೊತೆಗೆ ಬಂದಿದ್ದ ಪ್ರೇಮ್‌ಕುಮಾರನ ಕೈಗೆ ಪೆನ್ನು, ಹಾಳೆ ಕೊಟ್ಟರು.

"ನಿಮಿಷಕ್ಕೊಂದ್ಸಲ ನಂಬರ್ ಓದಿ ಬರ್ಕೊಳ್ಳಿ. ಈಗೆಷ್ಟಿದೆ?"

"ಎಪ್ಪತ್ನಾಲ್ಕು ಮೇಡಂ."

"ಈಗ ಎದ್ದು ಗೋಡೆಗೆ ಒರಗಿ ನಿಂತ್ಕೊಳ್ಳಿ ಅನುಪಮಾ. ತಡೆಯೋಕೆ ಆಗ್ದಿದ್ರೆ ತಕ್ಷಣ ಹೇಳಿ, ನಾನು ಪಕ್ಕದಲ್ಲೇ ಇದ್ದೀನಿ."

ಅವಳು ನಿಂತಳು. ಅಷ್ಟೇ. ಕೈ ಕೂಡ ಅಲುಗಿಸಲಿಲ್ಲ.

"ತೊಂಬತ್ತೆಂಟು" ಎಂದು ಓದಿದ ಪ್ರೇಮ್‌ಕುಮಾರ್. "ನೂರ ಎಂಟು. ನೂರ ಹದಿನೈದು." ಅವನ ದನಿ ಸಣ್ಣಗಾಗುತ್ತ ಬಂತು. ಅವಳ ಪಾದಗಳು ನೇರಳೆ ಬಣ್ಣಕ್ಕೆ ತಿರುಗಿದ್ದವು. ಅದನ್ನು ಅವನು ಎಂದೂ ನೋಡಿರಲಿಲ್ಲ. ಹತ್ತನೇ ನಿಮಿಷಕ್ಕೆ, "ನೂರ ಮೂವತ್ತೊಂದು" ಎಂದವನು ಹಾಳೆ ಕೆಳಗಿಟ್ಟು, "ಮೇಡಂ, ಅವಳು ಸುಮ್ನೆ ನಿಂತಿದ್ದಾಳಲ್ವಾ?" ಎಂದು ಕೇಳಿದ.

"ಅವರು ನಿಂತಿದ್ದಾರೆ. ಅವರ ಹೃದಯ ಓಡ್ತಿದೆ."

ಅವಳನ್ನು ಮಲಗಿಸಿ ಡಾಕ್ಟರು ವಿವರಿಸಿದರು. ಎದ್ದು ನಿಂತಾಗಲೆಲ್ಲ ರಕ್ತ ಕಾಲಿಗಿಳಿಯುತ್ತದೆ. ನರಗಳು ಕಣ್ಣು ಮಿಟುಕಿಸುವಷ್ಟರಲ್ಲಿ ರಕ್ತನಾಳಗಳನ್ನು ಬಿಗಿದು ಅದನ್ನು ತಲೆಯವರೆಗೆ ತಲುಪಿಸುತ್ತವೆ, ಯಾರೂ ಹೇಳಬೇಕಿಲ್ಲ. "ನಿಮ್ಮಲ್ಲಿ ಆ ಕೆಲಸ ತಪ್ಪಿದೆ. ಅದಕ್ಕೇ ಹೃದಯ ಒಂದೇ ಇಷ್ಟು ದಿನ ಎರಡಾಳಿನ ಕೆಲಸ ಮಾಡ್ತಾ ಬಂದಿದೆ."

ಅನುಪಮಾ ಎದೆಯ ಮೇಲೆ ಕೈಯಿಟ್ಟುಕೊಂಡಳು. ಇಷ್ಟು ದಿನ ಹೆದರಿಸುತ್ತಿದ್ದ ಬಡಿತ ಅದೇ. ಈಗ ಅದರ ಮೇಲೆ ಮೊದಲ ಸಲ ಗೌರವ ಹುಟ್ಟಿತು. ಅಳು ಬಂತು, ತಡೆಯಲಿಲ್ಲ.

ಹೊರಗೆ ಆಟೋದಲ್ಲಿ ಕೂತಾಗ ಎದುರಿನ ಸ್ಟಾಪಿನಲ್ಲಿ ಹತ್ತಿಪ್ಪತ್ತು ಜನ ಬಸ್ಸಿಗೆ ಕಾಯುತ್ತಿದ್ದರು. ಒಬ್ಬರು ಕಡಲೆಕಾಯಿ ತಿನ್ನುತ್ತಿದ್ದರು. ಒಬ್ಬಾಕೆ ಮಗುವನ್ನು ಸೊಂಟಕ್ಕೇರಿಸಿಕೊಂಡು ಫೋನಿನಲ್ಲಿ ಜಗಳವಾಡುತ್ತಿದ್ದಳು.

"ರೀ, ಎಲ್ರೂ ಹೆಂಗೆ ನಿಂತವ್ರೆ ನೋಡ್ರೀ" ಎಂದಳು.

ಅವನು ಕೀಲಿ ತಿರುಗಿಸದೆ ಸ್ಟಾಪಿನ ಕಡೆ ನೋಡಿದ. "ತಪ್ಪಾಗೋಯ್ತು ಅನು" ಎಂದ.

ಡಾಕ್ಟರ್ ಮಾಲವಿಕಾ ಪೂರ್ತಿ ವಾಸಿಯಾಗುತ್ತದೆಂದು ಮಾತು ಕೊಡಲಿಲ್ಲ. ಬಿಗಿಯಾದ ಉದ್ದದ ಕಾಲುಚೀಲ, ಅವಳ ಮಟ್ಟಿಗೆ ಹೆಚ್ಚು ಉಪ್ಪು, ನೀರು, ಒಂದು ಮಾತ್ರೆ, ಸ್ಟೂಲಿನ ಮೇಲೆ ಕೂತೇ ಸ್ನಾನ, ಜೊತೆಗೆ ದಣಿಯುವ ಮೊದಲೇ ವಿಶ್ರಾಂತಿ. ಡಾಕ್ಟರ ಪತ್ರ ನೋಡಿ ಡಿಪೋದಲ್ಲಿ ಅವಳಿಗೆ ಕೂತು ಮಾಡುವ ಕೆಲಸ ಕೊಟ್ಟರು. ಚೆನ್ನಾಗಿರುವ ದಿನಗಳು ಬಂದವು, ಕೆಟ್ಟವೂ ಬಂದವು.

ಚಿಕಿತ್ಸೆ ಶುರುವಾದ ಎಂಟನೇ ತಿಂಗಳ ಒಂದು ಭಾನುವಾರ ಬಚ್ಚಲಿನಲ್ಲಿ ನೀರಿನ ಸದ್ದು ಬಹಳ ಹೊತ್ತು ಕೇಳಿ ಅತ್ತೆ ಮಂಚಮ್ಮ ಬಾಗಿಲು ಬಡಿದರು. "ಯಾಕವ್ವ, ಸ್ಟೂಲು ಈಚೆನೇ ಐತಲ್ಲ? ಎಂಗೆ ಮೀಯ್ತಿದ್ದೀಯೆ?"

"ನಿಂತ್ಕೊಂಡು ಅತ್ತೆ. ತಲೆಗೂ ನೀರು ಹಾಕ್ಕೊಂಡೆ."

ಒಳಗೆ ಅವಳು ಕಣ್ಣು ಮುಚ್ಚಿ, ತಲೆಯಿಂದ ಕಾಲಿನವರೆಗೆ ಇಳಿಯುತ್ತಿದ್ದ ಬೆಚ್ಚನೆಯ ನೀರಿನಲ್ಲಿ ಇನ್ನೂ ಸ್ವಲ್ಪ ಹೊತ್ತು ನಿಂತಳು.