ಎತ್ತಿದ ಕಾಲು

ನಾಲೆಯ ಏರಿಯ ಮೇಲೆ ಕೊಕ್ಕರೆಯೊಂದು ಒಂಟಿಕಾಲಲ್ಲಿ ನಿಂತಿದೆ, ಇನ್ನೊಂದನ್ನು ಇಳಿಸುವುದಕ್ಕೆ ಇದಕ್ಕೇನು ಧಾಡಿ, ಬಸ್ಸು ಮುಂದೆ ಹೋಯಿತು, ಸಹನ ಕತ್ತು ಹೊರಳಿಸಿ ನೋಡಿದರೂ ಅದು ಇಳಿಸಲಿಲ್ಲ, ಪಕ್ಕದಲ್ಲಿ ಮಗಳು ಚಿನ್ನು ಫೋನಿಗೆ ಮೂಗು ತಾಗಿಸಿಕೊಂಡು ಮತ್ತೆ ಅದನ್ನೇ ಹಾಕಿದ್ದಾಳೆ, ನಲವತ್ತೊಂದು ಸೆಕೆಂಡು, ಅವಳಪ್ಪ ದಿಲೀಪ ಎರಡು ವರ್ಷ ಕೂತು ತೆಗೆದ ಗೊಂಬೆ ಸಿನಿಮಾ — ಹುಚ್ಚೆಂದರೆ ಹುಚ್ಚು, ಮದುವೆಯ ಹೊಸದರಲ್ಲಿ ಯಾವುದೋ ಹಳೇ ಇಂಗ್ಲಿಷ್ ಸಿನಿಮಾ ತೋರಿಸಿದ್ದ, ಹಡಗು, ದ್ವೀಪ, ಬೆಟ್ಟದಿಂದ ತಡವರಿಸುತ್ತ ಇಳಿಯುವ ಕೊಂಬಿನ ರಾಕ್ಷಸ, ಅವಳು ನಕ್ಕಿದ್ದಳು, ಇದೇನ್ರೀ ಕುಡುದವ್ನಂಗೆ ನಡೀತದೆ, ನಗಬ್ಯಾಡ ಕಣೇ, ಅದು ಗೊಂಬೆ, ಯಾರೋ ಪುಣ್ಯಾತ್ಮ ಕೂದ್ಲೆಳೆಯಷ್ಟು ಜರುಗ್ಸೋದು, ಒಂದು ಫೋಟೊ ತೆಗ್ಯೋದು, ಮತ್ತೆ ಜರುಗ್ಸೋದು, ಅಂಗೇ ಜೀವ ಬರ್ಸವ್ನೆ ಅಂದಿದ್ದ, ಆಮೇಲೆ ಕೆರೆ ಮಣ್ಣಿಗೆ ಹರಳೆಣ್ಣೆ ಹಾಕಿ ನಾದತೊಡಗಿದ, ಮುದ್ದೆ ಕಟ್ಟಲು ಬಾರದವನು ರಾಕ್ಷಸನನ್ನು ಕಟ್ಟಿದ, ಒಳಗೆ ತಂತಿ, ರಾಗಿಕಾಳಿನ ಕಣ್ಣು, ಎದುರಿಗೆ ಬೆಂಕಿಕಡ್ಡಿಯ ಗುಡಿಸಲು, ಬಾಗಿಲಲ್ಲಿ ಎರಡು ಜಡೆಯ ಪುಟ್ಟ ಹುಡುಗಿ, ಅವಳ ತಲೆಯ ಮೇಲೆ ರಾಕ್ಷಸ ಕಾಲೆತ್ತಿದ, ಅಷ್ಟಕ್ಕೆ ಡ್ಯೂಟಿಗೆ ಹೊತ್ತಾಯಿತು, ಅಪ್ಪಾ, ತುಳುದ್‌ಬುಡ್ತಾನಾ, ಇಲ್ಲ ಕಣವ್ವ, ದಾಟ್ಕೊಂಡು ಓಯ್ತಾನೆ, ಸಂಜೆ ಬಂದು ತೋರುಸ್ತೀನಿ, ಸಹನ, ಯಾರೂ ಮುಟ್ಬ್ಯಾಡಿ, ಬೈಕು ಹತ್ತಿ ಕೆ.ಆರ್.ಎಸ್. ಕಡೆ ಹೋದವನನ್ನು ಸಂಜೆ ಆಂಬುಲೆನ್ಸಿನಲ್ಲಿ ತಂದರು, ಹನ್ನೊಂದನೆಯ ದಿನ ಸೂತಕ ಕಳೆಯಲು ಮನೆಯ ಮಡಕೆ ಕುಡಿಕೆಯನ್ನೆಲ್ಲ ಹೊರಹಾಕುವಾಗ ಅತ್ತೆ ಪುಟ್ಟತಾಯಮ್ಮ ಕೋಣೆಯ ಬಾಗಿಲಲ್ಲಿ ನಿಂತು, ಅದೂ ಮಣ್ಣೇ ಅಲ್ವೇನವ್ವ — ಅವರನ್ನು ಯಾಕೆ ಅನ್ನಬೇಕು, ಕೇಳಿದರಷ್ಟೆ, ರಾಕ್ಷಸನನ್ನು ಎತ್ತಿಕೊಂಡವಳು ಇವಳು, ಇಲ್ಲ ಅನ್ನಲು ಬಾಯಿತ್ತು, ಅನ್ನಲಿಲ್ಲ, ಮಂಕರಿ ತುಂಬಿಹೋಗಿತ್ತು, ಆ ಕಾಲು ಅಡ್ಡ ಬಂತು, ಹೆಬ್ಬೆರಳಲ್ಲಿ ಒತ್ತಿದಳು, ಎಷ್ಟು ಮೆತ್ತಗೆ ಇಳಿಯಿತು, ಎರಡು ವರ್ಷ ಕೂದಲೆಳೆ ಕೂದಲೆಳೆಯಾಗಿ ನಡೆದದ್ದು ಒಂದೇ ಒತ್ತಿಗೆ, ಆ ಮೆತ್ತನೆ ಇನ್ನೂ ಬೆರಳಲ್ಲಿದೆ, ಇಳಿದದ್ದನ್ನು ಯಾರೂ ಫೋಟೊ ತೆಗೆಯಲಿಲ್ಲ, ಮಂಕರಿ ಇದೇ ನಾಲೆಗೆ ಹೋಯಿತು — ಈಗ ನೀರು ನಿಲ್ಲಿಸಿದ್ದಾರೆ, ಕೆಸರಲ್ಲಿ ಬರೀ ಮಡಕೆ ಚೂರು, ಎಣ್ಣೆ ಮಣ್ಣು ಬೇಗ ಕರಗಕ್ಕಿಲ್ಲ ಅನ್ನುತ್ತಿದ್ದ, ಒಂದು ಕೊಂಬಾದರೂ, ಒಂದು ತಂತಿಯಾದರೂ, ಕಿರಂಗೂರು ಬಂತು, ನಾಲೆ ಮರೆಯಾಯಿತು, ಅಮ್ಮಾ, ರಾಕ್ಷಸ ಯಾವಾಗ ಕಾಲಿಡ್ತಾನೆ, ಇಡ್ತಾನೆ ಕಣವ್ವ, ಯಾವಾಗ, ಚಿನ್ನು ಮತ್ತೆ ಒತ್ತುತ್ತಾಳೆ, ಬೆಟ್ಟ, ಗುಡಿಸಲು, ಎರಡು ಜಡೆ, ಅದರ ಮೇಲೆ ಎತ್ತಿದ ಕಾಲು, ಮತ್ತೆ, ಎತ್ತಿದ ಕಾಲು, ಎತ್ತಿದ