ದಾಸ್ತಾನು ಕೋಣೆಗೆ ಐದು ನಿಮಿಷ

ಸೆನ್ಸರಿನ ಆ ಕೆಂಪು ಚುಕ್ಕೆ ಮಿಣುಕಿತು, ನನ್ನ ಮೊಣಕೈ ಅಲುಗಿದ್ದಕ್ಕೇ ಮಿಣುಕಿತು, ಏಣಿಯ ಮೇಲೆ ನಿಂತು ಬರೀ ಸ್ಕ್ರೂಡ್ರೈವರ್ ಎತ್ತಿದ್ದೇನೆ ಅಷ್ಟೇ, ನನ್ನನ್ನಾದರೆ ಎಷ್ಟು ಬೇಗ ಗುರುತು ಹಿಡಿಯುತ್ತೀಯಪ್ಪಾ ಮಹಾರಾಯ, ಓಡಾಡುವವರು ಕಂಡರೆ ದೀಪ ಹತ್ತಿಸುತ್ತೀಯ, ಸುಮ್ಮನೆ ಕೂತು ಕೆಲಸ ಮಾಡುವವರು ನಿನ್ನ ಪಾಲಿಗೆ ಇಲ್ಲವೇ ಇಲ್ಲ — ಪಾಪ, ಅದನ್ನೇಕೆ ಬೈಯಲಿ, ಬೈಸಿಕೊಳ್ಳಬೇಕಾದವಳು ನಾನು, ನಿಮಿಷ ಇಟ್ಟವಳು ನಾನು. ಈ ಹಳೆ ದಾಖಲೆಗಳ ಕಚೇರಿಯ ಎರಡೂ ಮಹಡಿಗೆ ಸೆನ್ಸರ್ ಕೂರಿಸಿ ನಿನ್ನೆ ಬೆಳಗ್ಗೆಯಷ್ಟೇ ಮುಗಿಸಿದ್ದೆ, ಖಾಲಿ ಕೋಣೇಲಿ ದೀಪ ಉರಿಯೋದು ನಿಲ್ತು ನೋಡಿ ಅಂತ ಮ್ಯಾನೇಜರ್ ಕೈಕುಲುಕಿದಾಗ ಉಬ್ಬಿಹೋಗಿದ್ದೆ, ನಕ್ಷೆ ಹಿಡಿದುಕೊಂಡು ಸಭೆಯ ಕೋಣೆಗೆ ಮೂವತ್ತು, ಓದುವ ಕೋಣೆಗೆ ಇಪ್ಪತ್ತು, ದಾಸ್ತಾನು ಕೋಣೆಗೆ ಐದು ನಿಮಿಷ, ಐದು ನಿಮಿಷ ಯಾರೂ ಅಲುಗದಿದ್ದರೆ ದೀಪ ಆರಲಿ, ಗೋಡೆಯ ಸ್ವಿಚ್ಚೂ ಬೇಡ, ಕಿತ್ತುಹಾಕಿ ಅಂದಿದ್ದೆ — ನಕ್ಷೆ ಬರೆದವನಿಗೆ ಗೊತ್ತಿಲ್ಲ, ಸರಿ, ನನಗೆ? ಕಿಟಕಿಯಿಲ್ಲದ ಈ ದಾಸ್ತಾನು ಕೋಣೆಯಲ್ಲೇ ಚಿಕ್ಕಮ್ಮ ಇಪ್ಪತ್ತಾರು ವರ್ಷದಿಂದ ಹರಿದ ರಿಜಿಸ್ಟರುಗಳಿಗೆ ಹೊಲಿಗೆ ಹಾಕುತ್ತಿದ್ದಾಳೆ, ಅಮ್ಮ ಹೋದ ಮೇಲೆ ನಾನು ಸ್ಕೂಲಿಂದ ನೇರ ಇಲ್ಲಿಗೇ ಬರುತ್ತಿದ್ದೆ, ಈ ಮೇಜಿನ ಕೆಳಗೇ ಮಗ್ಗಿ ಬಾಯಿಪಾಠ ಮಾಡಿದ್ದು, ಒಂದು ಕಡೆ ಕೂರೇ ಬುಗುರಿ, ನಿನ್ನ ನೋಡಿದ್ರೆ ನಂಗೇ ತಲೆ ಸುತ್ತುತ್ತೆ ಅನ್ನುತ್ತಿದ್ದಳು — ಆ ಬುಗುರಿ ದೊಡ್ಡವಳಾಗಿ, ಕಾಗದ ನೋಡಿಕೊಂಡು ಈ ಕೋಣೆಯಲ್ಲಿ ಯಾರೂ ಇರುವುದಿಲ್ಲ ಅಂದುಕೊಂಡಳು. ನಾಚಿಕೆಯಾಗಬೇಕು ನನಗೆ.

ನಿನ್ನೆ ಮಧ್ಯಾಹ್ನ ಊಟಕ್ಕೆ ಕರೆಯೋಣ ಅಂತ ಬಾಗಿಲು ತಳ್ಳಿದೆ, ನನ್ನನ್ನು ಕಂಡು ದೀಪ ಹತ್ತಿತು, ಹತ್ತಿತು ಅಂದರೆ ಅಲ್ಲಿಯ ತನಕ ಆರಿತ್ತು, ಹೊರಗಿನ ಓಣಿಯಲ್ಲೂ ನನ್ನದೇ ಸೆನ್ಸರ್, ಬಾಗಿಲ ಸಂದಿಯಿಂದಲೂ ಒಂದು ಎಳೆ ಬೆಳಕಿಲ್ಲ, ಚಿಕ್ಕಮ್ಮ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದಳು, ಕೈಯಲ್ಲಿ ಸೂಜಿ, ನನ್ನ ಮುಖವನ್ನೇ ನೋಡಿದಳು, ನೋಡುತ್ತಲೇ ಇದ್ದಳು, ಬಂತಲ್ಲೇ, ಅಂದಳು. ಏನು ಬಂತು ಚಿಕ್ಕಮ್ಮ, ಕರೆಂಟಾ? ಅಲ್ಲ ಕಣೇ, ಕಣ್ಣು. ನಾನು ನಗಲು ಹೊರಟೆ, ಅವಳು ನಗಲಿಲ್ಲ. ಡಾಕ್ಟರು ಹೇಳಿದ್ದರಂತೆ, ಕಣ್ಣಿನ ನರ ಸೋಲ್ತಿದೆ, ಡ್ರಾಪ್ಸ್ ತಪ್ಪಿಸಬೇಡಿ, ಮುಂದೊಂದು ದಿನ ಕಾಣದೇ ಹೋಗಲೂಬಹುದು — ನಾಲ್ಕು ತಿಂಗಳಿಂದ ನನಗೆ ಒಂದು ಮಾತು ಹೇಳಿಲ್ಲ ಇವಳು, ನನಗೆ ನೆಗಡಿಯಾದರೆ ಊರಿಗೆಲ್ಲ ಹೇಳಿಕೊಂಡು ಬರುವವಳು, ಹೇಳಿದ್ರೆ ನೀನು ಕೆಲಸ ಬಿಡಿಸ್ತಿದ್ದೆ ಅಂದಳು. ಬಿಡಿಸುತ್ತಿದ್ದೆ, ಹೌದು. ನಾನು ಇಟ್ಟ ಐದು ನಿಮಿಷ ಮುಗಿದು ದೀಪ ಆರಿದಾಗ, ಆ ದಿನ ಬಂದೇಬಿಟ್ಟಿತು ಅಂದುಕೊಂಡಳಂತೆ. ಈ ಕಪಾಟಿನ ಮರೆಯಲ್ಲಿ ಬೆರಳಷ್ಟೇ ಆಡಿದರೆ ಯಂತ್ರಕ್ಕೆ ತಿಳಿಯುವುದಿಲ್ಲ, ಒಮ್ಮೆ ಎದ್ದು ನಿಂತಿದ್ದರೆ ಸಾಕಿತ್ತು, ಕೂಗಬಾರದಾಗಿತ್ತಾ ಚಿಕ್ಕಮ್ಮ, ಮುಕ್ಕಾಲು ಗಂಟೆ ಹಾಗೇ ಕೂತಿದ್ದೀಯಲ್ಲ — ಕೂಗಿ ಏನ್ ಮಾಡ್ಲಿ, ದಾರ ಅರ್ಧಕ್ಕೆ ಬಿಟ್ರೆ ಎಲ್ಲಾ ಸಡಿಲ ಆಗುತ್ತೆ. ಎಷ್ಟು ತಣ್ಣಗೆ ಹೇಳಿದಳು, ಅವಳ ತಲೆಯನ್ನು ಎದೆಗೆ ಒತ್ತಿಕೊಂಡೆ, ಬಿಡೇ, ಸೂಜಿ ಚುಚ್ಚೀತು.

ಈಗ ಕಪಾಟಿನ ಮರೆ ತಪ್ಪಿಸಿ ಅವಳ ಮೇಜಿನ ಮೇಲಕ್ಕೇ ಸೆನ್ಸರ್ ತಂದಿದ್ದೇನೆ, ಮೂವತ್ತು ನಿಮಿಷ, ಗೋಡೆಗೆ ಸ್ವಿಚ್ಚೂ ವಾಪಸ್, ಮ್ಯಾನೇಜರ್ ಕೇಳಲಿ, ನಕ್ಷೆಯಲ್ಲಿ ಈ ಕೋಣೆಯ ಹೆಸರು ತಿದ್ದಿಸಿಯೇ ಬಿಡುತ್ತೇನೆ, ಖಾಲಿ ಕೋಣೆಯ ದೀಪ ಆರಿಸಲು ಹೊರಟವಳು ನಾನು, ಇವಳದ್ದಲ್ಲ. ನಾಳಿದ್ದು ಡಾಕ್ಟರ ಹತ್ರ ನಾನೂ ಬರ್ತೀನಿ ಅಂದೆ. ಬಾ, ಆದ್ರೆ ಕೆಲಸ ಬಿಡೋ ಮಾತು ಎತ್ತಬೇಡ. ಎತ್ತುವುದಿಲ್ಲ, ಹೇಗೆ ಎತ್ತಲಿ, ನಿನ್ನೆ ಅವಳು ಕೈ ತೊಳೆಯಲು ಹೋದಾಗ ಆ ರಿಜಿಸ್ಟರಿನ ಬೆನ್ನು ತಿರುಗಿಸಿ ನೋಡಿದೆನಲ್ಲ, ದೀಪ ಎಲ್ಲಿ ಆರಿತು ಅಂತ ಯಾರೂ ಹೇಳಬೇಕಾಗಿರಲಿಲ್ಲ, ಅಲ್ಲಿಯವರೆಗೆ ಹೊಲಿಗೆಯೆಲ್ಲ ಒಂದೇ ಅಳತೆ, ಆಮೇಲೆ ಮೂರು ಸೊಟ್ಟ, ಮೂರೇ ಮೂರು, ಆಮೇಲೆ ಮತ್ತೆ ನೇರ, ಕೊನೆಯ ಗಂಟಿನ ತನಕ ನೇರ — ಏನೇ ಅದು, ಏಣಿ ಮೇಲೆ ಕಲ್ಲಾಗಿ ನಿಂತುಬಿಟ್ಟೆ, ಇಳಿ ಅಂತಾಳೆ ಕೆಳಗಿಂದ — ಇಳಿಯುತ್ತೇನೆ ಚಿಕ್ಕಮ್ಮ, ಸ್ಕ್ರೂ ಬಿಗಿ ಮಾಡಿ ಇಳಿಯುತ್ತೇನೆ, ಮೂರು ಸೊಟ್ಟ, ಆಮೇಲೆ ನೇರ, ಮೂರು ಸೊಟ್ಟ, ಆಮೇಲೆ ನೇರ